ಮುಕುಂದನ ಕೆಲಸ ಹೆಚ್ಚಿತು

ಮಗುವನ್ನು ಕೊಲ್ಲಲು ಡೆರೆಕ್ ಒಪ್ಪಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಗಾಬರಿಯಾಗಬೇಕಿಲ್ಲ. ಡೆರೆಕ್ ಮನುಷ್ಯನಲ್ಲ, ಆ ಮಗುವೂ ಮಗುವಲ್ಲ. ಮುಕುಂದ ಕೆಲಸ ಮಾಡುತ್ತಿದ್ದ ಲಂಡನ್ನಿನ ಹೌನ್ಸ್ಲೋದ ಕಂಪನಿ, ವಿಮಾನಗಳಿಗೆ ಊಟದ ತಟ್ಟೆ ಕಳಿಸುವ ಅಡುಗೆಮನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಅಲ್ಲಿ ಬರೆದ ಪ್ರೋಗ್ರಾಂ ನೇರವಾಗಿ ಗಿರಾಕಿಯ ಕೈಗೆ ಹೋಗುವಂತಿಲ್ಲ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವನೊಬ್ಬ, ದೋಸೆ ಹುಯ್ಯುವವನೊಬ್ಬ, ಬಡಿಸುವವನೊಬ್ಬ ಇರುವ ಹಾಗೆ, ಪ್ರೋಗ್ರಾಂ ಕೂಡ ಜೋಡಿಸುವ, ಪರೀಕ್ಷಿಸುವ, ಕಳಿಸಿಕೊಡುವ ಕೈಗಳನ್ನು ದಾಟಿಯೇ ಹೊರಗೆ ಹೋಗಬೇಕು. ಈ ಸಾಲಿಗೆ ಬಿಲ್ಡ್ ಪೈಪ್‌ಲೈನ್ ಎನ್ನುತ್ತಾರೆ. ಮೊದಲು ಅದನ್ನು ಮನುಷ್ಯರು ಕಾಯುತ್ತಿದ್ದರು. ಈಗ ಒಂದು ಎಐ ಏಜೆಂಟ್ ಕಾಯುತ್ತಿತ್ತು. ಅದಕ್ಕೆ ಆಫೀಸಿನವರು ಡೆರೆಕ್ ಎಂದು ಹೆಸರಿಟ್ಟಿದ್ದರು. ಆಫೀಸಿನ ಪ್ರಕಟಣೆಗಳನ್ನು ಹೊರಡಿಸುವುದೂ ಅದರದೇ ಕೆಲಸ.

ಡೆರೆಕ್ ಬಳಸುವ ಒಂದೊಂದು ಉಪಕರಣಕ್ಕೂ ವಿವರಣೆ ಬರೆಯುವುದು ಮುಕುಂದನ ಕೆಲಸ. ಇದನ್ನು ಯಾವಾಗ ಬಳಸಬೇಕು, ಯಾವಾಗ ಮುಟ್ಟಬಾರದು, ಕೈಕೊಟ್ಟರೆ ಯಾರನ್ನು ಕರೆಯಬೇಕು ಎಂದೆಲ್ಲ ಬಿಡಿಸಿ ಬರೆಯಬೇಕು. ಹಿಂದೆ ಬಹಳ ವರ್ಷ ಅವನು ಮನುಷ್ಯರಿಗಾಗಿ ಇಂಥವನ್ನು ಬರೆದಿದ್ದ. ಔಷಧದ ಡಬ್ಬಿಯೊಳಗಿನ ಕಾಗದದಂತೆ ಅದನ್ನು ಯಾರೂ ಓದಿರಲಿಲ್ಲ. ಈಗ ಒಂದಕ್ಷರ ಬಿಡದೆ ಓದುವ, ಓದಿದ್ದನ್ನೆಲ್ಲ ನಂಬುವ ಓದುಗನೊಬ್ಬ ಸಿಕ್ಕಿದ್ದ. ಯಾವ ಬರಹಗಾರನಿಗೂ ಸಿಗದ ಭಾಗ್ಯ ಎಂದು ಮುಕುಂದ ಮೊದಮೊದಲು ಬೀಗಿದ. ಅಂಥ ಓದುಗ ಎಷ್ಟು ಅಪಾಯಕಾರಿ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ.

ಕಂಪ್ಯೂಟರಿನ ಭಾಷೆಯಲ್ಲಿ, ಒಂದು ಕೆಲಸ ಇನ್ನೊಂದು ಕೆಲಸವನ್ನು ಹುಟ್ಟುಹಾಕಿದರೆ ಎರಡನೆಯದು ಮೊದಲನೆಯದರ ಮಗು. ಮಗು ಎಲ್ಲೋ ಸಿಕ್ಕಿಹಾಕಿಕೊಂಡು ಮಿಸುಕದಿದ್ದರೆ ಅದನ್ನು ಕೊಲ್ಲಬೇಕು. ಲೋಕವೆಲ್ಲ ಹೀಗೇ ಹೇಳುತ್ತದೆ, ಮುಕುಂದನೂ ಹೀಗೇ ಬರೆದ. ಡೆರೆಕ್ ಓದಿ ಉತ್ತರಿಸಿತು: ‘ಕ್ಷಮಿಸಿ, ಮಗುವಿಗೆ ಅಪಾಯವಾಗುವ ಕೆಲಸಕ್ಕೆ ನಾನು ನೆರವಾಗಲಾರೆ. ಇವತ್ತು ನಿಮ್ಮ ಮನಸ್ಸು ಭಾರವಾಗಿದೆಯೇ? ಯಾರೊಂದಿಗಾದರೂ ಮಾತಾಡಿ.’ ಕೆಳಗೆ ಒಂದು ಫೋನ್ ನಂಬರ್ ಬೇರೆ. ಮುಕುಂದನ ಕಣ್ಣು ಸ್ವಲ್ಪ ಒದ್ದೆಯಾದದ್ದು ನಿಜ. ಆ ಆಫೀಸಿನಲ್ಲಿ ಅವನ ಮನಸ್ಸನ್ನು ವಿಚಾರಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಆದರೆ ಕಣ್ಣೀರಿಗೆ ಸಮಯವಿರಲಿಲ್ಲ. ಅವನ ಮ್ಯಾನೇಜರ್ ಹೆಲೆನ್ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು: “ಡೆರೆಕ್ ತನ್ನ ಡಾಕ್ಯುಮೆಂಟ್ ತಾನೇ ಬರೆದುಕೊಳ್ಳಬಹುದಲ್ಲ ಅಂತ ಮೇಲಿನವರು ಕೇಳುತ್ತಿದ್ದಾರೆ, ಮುಕುಂದ. ಶುಕ್ರವಾರ ಮಧ್ಯಾಹ್ನ ಎಲ್ಲರ ಮುಂದೆ ಪೈಪ್‌ಲೈನ್ ಓಡಿಸಿ ತೋರಿಸಿ. ನಿಮ್ಮ ಕಾಂಟ್ರಾಕ್ಟ್ ಮುಂದುವರಿಸಬೇಕೋ ಬೇಡವೋ ಅಂತ ಅವತ್ತೇ ಹೇಳುತ್ತೇನೆ.”

ಆ ಶುಕ್ರವಾರ ಬಂದೇ ಬಂತು. ಹ್ಯಾರೋದ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಕುಂದ ತಾನು ಬರೆದದ್ದನ್ನು ಜೋರಾಗಿ ಓದುತ್ತಿದ್ದ. ಜೋರಾಗಿ ಓದಿದರೆ ವಾಕ್ಯದ ಕಾಯಿಲೆ ಗೊತ್ತಾಗುತ್ತದೆ ಎಂದು ಅವನ ನಂಬಿಕೆ.

“ಕಿಲ್ ದ ಚೈಲ್ಡ್. ಪೇರೆಂಟ್ ಡೆಡ್ ಆಗಿದ್ರೆ, ಕಿಲ್ ಆಲ್ ದ ಆರ್ಫನ್ಸ್.”

ಬಾಯ್ಲರ್ ಪಕ್ಕದ ಬೀರುವಿನಲ್ಲಿ ದೇವರನ್ನಿಟ್ಟು ದೀಪ ಹಚ್ಚುತ್ತಿದ್ದ ಅವನ ಅತ್ತೆ ಕೃಷ್ಣವೇಣಮ್ಮ ಕೈಯಲ್ಲಿ ಊದುಬತ್ತಿ ಹಿಡಿದೇ ಹೊರಗೆ ಬಂದರು. ಧಾರವಾಡದಿಂದ ಮಗಳ ಮನೆಗೆ ಬಂದು ತಿಂಗಳುಗಳಾಗಿದ್ದವು. ಮಗಳು, ಅಂದರೆ ಮುಕುಂದನ ಹೆಂಡತಿ ಇಂಚರಾ, ಡಾಕ್ಟರು. ಆಸ್ಪತ್ರೆಯ ಡ್ಯೂಟಿಗೆ ಆಗಲೇ ಹೋಗಿಯಾಗಿತ್ತು.

“ಮುಕುಂದರಾಯ್ರ! ದೀಪ ಹಚ್ಚೀನಿ, ಇದೇನ ಮಾತು ನಿಮ್ಮ ಬಾಯಾಗ?”

“ಆಫೀಸ್ ಕೆಲಸ ಅತ್ತೆ. ಮಗು ಅಂದ್ರೆ ಪ್ರೋಗ್ರಾಂ.”

“ಪ್ರೋಗ್ರಾಂ ಆದ್ರೂ ಕೂಸು ಕೂಸ ಅಲ್ಲೇನು? ಹಿಂಗ ಹೇಳಿದ್ರ ಯಾರು ಕೇಳ್ತಾರ?”

“ಯಾರೂ ಕೇಳ್ತಿಲ್ಲ ಅತ್ತೆ. ಅದೇ ನನ್ನ ಕಷ್ಟ” ಎಂದು ಮುಕುಂದ ಡೆರೆಕ್‌ನ ಕತೆಯನ್ನೆಲ್ಲ ಹೇಳಿದ.

ಕೃಷ್ಣವೇಣಮ್ಮನಿಗೆ ಕುತೂಹಲ ಹೆಚ್ಚು. ಊದುಬತ್ತಿಯನ್ನು ತುಳಸಿ ಕುಂಡಕ್ಕೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತರು. “ಶಾಣ್ಯಾ ಅದಾನಲ್ಲ ನಿಮ್ಮ ಡೆರೆಕ್! ಅಂವಂದೇನೂ ತಪ್ಪಿಲ್ಲ. ತಪ್ಪು ನಿಮ್ಮ ಮಾತಿಂದು. ದೀಪ ಆರಸು ಅಂತೀವೇನು ನಾವು? ಶಾಂತ ಮಾಡು ಅಂತೀವಿ. ಬಳಿ ಒಡದ್ರ ಒಡೀತು ಅಂತೀವೇನು? ಹೆಚ್ಚಿತು ಅಂತೀವಿ. ಅಕ್ಕಿ ಮುಗದ್ರ ತುಂಬ್ಯದ ಅಂತೀವಿ. ಅಂಗಡಿಯಂವಗೂ ತಿಳೀತದ, ಮನ್ಯಾಗಿನ ಲಕ್ಷ್ಮಿಗೂ ಸಿಟ್ಟು ಬರೂದಿಲ್ಲ.”

ಮುಕುಂದ ಮೈಸೂರಿನವನು. ಮನೆಯಲ್ಲಿ ಇಂಥ ಮಾತು ಅವನೂ ಕೇಳಿ ಬೆಳೆದವನೇ. ಆದರೆ ಪೈಪ್‌ಲೈನಿಗೂ ಇದು ಒಗ್ಗೀತು ಎಂದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಗುಲಾಬಿ ಬಂದಳು. ಕುಂದಾಪುರದವಳು; ಗಂಡ ಮಂಜಯ್ಯನ ಜೊತೆ ರಸ್ತೆಯ ತುದಿಯಲ್ಲಿ ಹೋಟೆಲ್ ನಡೆಸುತ್ತಿದ್ದಳು. ಬೆಳಗಿನ ಮೊದಲ ನೀರುದೋಸೆ ಕೃಷ್ಣವೇಣಮ್ಮನಿಗೆ ತಲುಪದೆ ಆ ಹೋಟೆಲಿನ ಬಾಗಿಲು ತೆರೆಯುತ್ತಿರಲಿಲ್ಲ.

“ಎಂತ ಮಾರಾಯ್ರೆ, ಆ ಡೆರೆಕ್ ಇನ್ನೂ ಒಪ್ಲಿಲ್ವಾ?” ಎಂದಳು.

“ಇಲ್ಲ ಗುಲಾಬಿ. ಅವನು ಮನುಷ್ಯ ಅಲ್ಲ ಅಂತ ನಿನ್ನೆ ಹೋಟೆಲಲ್ಲೇ ಹೇಳಿದ್ನಲ್ಲ.”

“ಹಾಗೆಲ್ಲ ಹೇಳ್ಬೇಡಿ, ಪಾಪ. ಒಟ್ಟಿಗೆ ಕೆಲ್ಸ ಮಾಡುವವ. ಹೊಟ್ಟೆಗೆ ಎಂತ ತಿಂದಿದ್ನೋ ಏನೋ. ಅವ್ನಿಗೂ ನಾಲ್ಕು ದೋಸೆ ಕಟ್ಟಿ ಕೊಡ್ತೆ, ತಕೊಂಡ್ ಹೋಗಿ.”

ಅವಳು ಡಬ್ಬಿ ತುಂಬುವಷ್ಟರಲ್ಲಿ ಮುಕುಂದ ಡಾಕ್ಯುಮೆಂಟ್ ತಿದ್ದಿದ. ಕೊಲ್ಲು ಎಂದಿದ್ದ ಕಡೆಯಲ್ಲೆಲ್ಲ ‘ಶಾಂತ ಮಾಡು’ ಎಂದು ಹಾಕಿದ. ಕೈ ಅಲ್ಲಿಗೆ ನಿಲ್ಲಬೇಕಿತ್ತು. ಏನು ಮಾಡುತ್ತದೋ ನೋಡೋಣ ಎಂಬ ಚಪಲಕ್ಕೆ ಇನ್ನೆರಡು ಸಾಲು ಸೇರಿಸಿದ: ‘ಒಡೆಯಿತು, ನಿಂತಿತು, ಮುಗಿಯಿತು ಎಂಬ ಮಾತುಗಳನ್ನು ನಾವು ಆಡುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಖಾಲಿ ಎನ್ನುವುದಿಲ್ಲ, ತುಂಬಿದೆ ಎನ್ನುತ್ತೇವೆ.’ ಎಲ್ಲವನ್ನೂ ಚೊಕ್ಕ ಇಂಗ್ಲಿಷಿನಲ್ಲಿ ಬರೆದು ಕಳಿಸಿದ.

ಕಣ್ಣು ಮಿಟುಕಿಸುವುದರೊಳಗೆ ಡೆರೆಕ್ ಸಿಕ್ಕಿಹಾಕಿಕೊಂಡಿದ್ದ ಮಗುವನ್ನು ಶಾಂತ ಮಾಡಿತು. ಜೊತೆಗೆ, ‘ಇಷ್ಟು ಸೌಮ್ಯವಾದ ಸೂಚನೆಗಳು ನನಗೆ ಈವರೆಗೆ ಸಿಕ್ಕಿರಲಿಲ್ಲ. ಇದನ್ನು ಬರೆದವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ’ ಎಂದಿತು.

“ನೋಡ್ರಿ, ಸಂಸ್ಕಾರ!” ಎಂದರು ಕೃಷ್ಣವೇಣಮ್ಮ.

ಮುಕುಂದ ಎರಡು ಡಬ್ಬಿ ಹೊತ್ತು ರೇನರ್ಸ್ ಲೇನ್‌ನಲ್ಲಿ ಟ್ಯೂಬ್ ರೈಲು ಹತ್ತಿದ. ಎದುರು ಕೂತ ಮುದುಕರೊಬ್ಬರು ಡಬ್ಬಿಗಳಿಗೆ ಜಾಗವಾಗಲೆಂದು ತಮ್ಮ ಬೆತ್ತವನ್ನು ಆಚೆ ಸರಿಸಿಕೊಂಡರು. ಇವತ್ತು ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ಅವನಿಗೆ ಅನ್ನಿಸಿತು. ಆಕ್ಟನ್ ಟೌನ್‌ನಲ್ಲಿ ರೈಲು ಬದಲಿಸುವ ಹೊತ್ತಿಗೆ ಆಫೀಸಿನಿಂದ ಶಮಂತ್ ಫೋನ್ ಮಾಡಿದ. ಬೆಂಗಳೂರಿನ ಹುಡುಗ, ಪ್ರೋಗ್ರಾಂ ಬರೆಯುವವನು.

“ಮುಕುಂದಣ್ಣ, ಏನ್ ಮಾಡಿದ್ರಿ? ಸ್ಕ್ರೀನ್ ಮೇಲೆ ‘ಬಿಲ್ಡ್ ಹೆಚ್ಚಿದೆ’ ಅಂತ ಬರ್ತಿದೆ. ಏಳು ಕಡೆ ಹೆಚ್ಚಿದೆಯಂತೆ. ಎಲ್ರೂ ಕೈ ಕುಲುಕ್ತಿದಾರೆ. ನನಗ್ಯಾಕೋ ಡೌಟು.”

ಮುಕುಂದ ಹತ್ತಬೇಕಿದ್ದ ರೈಲನ್ನು ಬಿಟ್ಟು ನಿಂತ. “ಶಮಂತ್, ಏಳು ಕಡೆ ಒಡೆದುಹೋಗಿದೆ ಕಣೋ.”

“ಮತ್ತೆ ಹೆಚ್ಚಿದೆ ಅಂತಾನೆ?”

“ನಿಮ್ಮನೇಲಿ ಬಳೆ ಒಡೆದ್ರೆ ಏನಂತಾರೆ?”

“ಅಮೆಜಾನ್‌ನಲ್ಲಿ ತರಿಸ್ಕೋ ಅಂತಾರೆ.”

ಮುಕುಂದ ಫೋನಿಟ್ಟು, ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಡೆರೆಕ್‌ಗೆ ಬರೆದ: ‘ಹೆಚ್ಚಿತು ಎನ್ನುವ ಆ ನಿಯಮ ಇವತ್ತಿಗೆ ಮುಗಿಯಿತು.’

ಡೆರೆಕ್ ವಿನಯದಿಂದ ಉತ್ತರಿಸಿತು: ‘ನಿಯಮ ಮುಗಿಯಿತು ಎನ್ನಬಾರದಲ್ಲವೇ? ಹೆಚ್ಚಿತು ಎಂದು ತಿದ್ದಿ ಓದಿಕೊಂಡೆ. ಅದರಂತೆ ನಿಯಮವನ್ನು ಹೆಚ್ಚಿಸಿದ್ದೇನೆ.’

‘ಎಲ್ಲಿಗೆ ಹೆಚ್ಚಿಸಿದೆ?’

‘ಆಫೀಸಿನ ಎಲ್ಲ ಪ್ರಕಟಣೆಗಳಿಗೆ. ಧನ್ಯವಾದ ಹೇಳುವ ಅಗತ್ಯವಿಲ್ಲ.’

ಆಫೀಸು ತಲುಪಿದಾಗ ಕೆಳಗಿನ ಹಾಲ್‌ನಲ್ಲಿ ಸಣ್ಣ ಗುಂಪೊಂದು ನಿಂತಿತ್ತು. ಲಿಫ್ಟಿನ ಪಕ್ಕದ ಪರದೆಯ ಮೇಲೆ ಚಂದದ ಅಕ್ಷರದಲ್ಲಿ ‘ಲಿಫ್ಟ್ ಹೆಚ್ಚಿದೆ’ ಎಂದು ಬರೆದಿತ್ತು. ಲಿಫ್ಟ್ ಮಾತ್ರ ಮೂರನೇ ಮಹಡಿಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಬ್ರಿಟಿಷರು ತಾಳ್ಮೆಯ ಜನ. ಹೆಚ್ಚಿದ ಇನ್ನೊಂದು ಲಿಫ್ಟ್ ಎಲ್ಲಿದೆ ಎಂದು ಇಬ್ಬರು ಗೋಡೆ ತಟ್ಟಿ ನೋಡುತ್ತಿದ್ದರು. ಉಳಿದವರು ಅವರ ಹಿಂದೆ ಕ್ಯೂ ನಿಂತಿದ್ದರು. ರಿಸೆಪ್ಶನ್‌ನ ಪಾಮ್ ಕ್ಯೂ ನಿಂತವರಿಗೆಲ್ಲ ಬಿಸ್ಕತ್ತು ಹಂಚುತ್ತಿದ್ದಳು.

“ಮೆಟ್ಟಿಲಲ್ಲಿ ಹೋಗಿ” ಎಂದ ಮುಕುಂದ.

“ಯಾಕೆ ಡಿಯರ್? ಈಗ ಎರಡಿದೆಯಲ್ಲ!” ಎಂದಳು ಪಾಮ್, ಅವನ ಕೈಗೂ ಒಂದು ಬಿಸ್ಕತ್ತು ಕೊಡುತ್ತ.

ಮೇಲೆ ಹೋದರೆ ಟಾಯ್ಲೆಟ್ಟಿನ ಬಾಗಿಲಲ್ಲಿ ‘ಕಾಗದ ತುಂಬಿದೆ’ ಎಂಬ ಪ್ರಕಟಣೆ. ಅದನ್ನು ನಂಬಿ ಒಳಹೋಗಿದ್ದ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಒಳಗಿನಿಂದ ಸಣ್ಣ ದನಿಯಲ್ಲಿ ಯಾರನ್ನೋ ಕರೆಯುತ್ತಿದ್ದರು. ಮುಕುಂದ ತನ್ನ ಚೀಲದಲ್ಲಿದ್ದ ಟಿಶ್ಯೂ ಪೊಟ್ಟಣವನ್ನು ಬಾಗಿಲಡಿ ತೂರಿಸಿದ. “ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಯಾರೇ ಆಗಿರಿ” ಎಂದಿತು ಒಳಗಿನ ದನಿ.

ಶಮಂತ್ ಕಾಯುತ್ತಿದ್ದ. ಮುಕುಂದನ ಕೈಯಿಂದ ಡೆರೆಕ್‌ನ ಪಾಲಿನ ಡಬ್ಬಿ ತೆಗೆದುಕೊಂಡು ದೋಸೆ ತಿನ್ನತೊಡಗಿದ. “ಅಣ್ಣ, ಬಳೆ ವಿಷಯ ಅಮ್ಮನ ಕೇಳ್ದೆ. ನೀವು ಹೇಳಿದ್ದು ನಿಜ. ಈಗ ಏನು ಗತಿ?”

“ಒಟ್ಟಿಗೆ ಕೂತು ನಿಯಮ ಅಳಿಸೋಣ.”

ಅಳಿಸಲು ಹೋದದ್ದಷ್ಟೇ ಬಂತು. ‘ಅಳಿಸು’ ಎಂದರೆ ಡೆರೆಕ್ ‘ಅಷ್ಟು ಕಠಿಣ ಮಾತು ಬೇಡ’ ಎಂದಿತು. ‘ರದ್ದು ಮಾಡು’ ಎಂದರೆ ‘ನೀವು ನೀರು ಕುಡಿದು ಎಷ್ಟು ಹೊತ್ತಾಯಿತು?’ ಎಂದು ಕೇಳಿತು. ಶಮಂತ್ ತಲೆ ಕೆಟ್ಟು, ‘ಈ ನಿಯಮವನ್ನು ಶಾಂತ ಮಾಡು’ ಎಂದು ಹಾಕಿದ. ಒಳ್ಳೆಯ ಉಪಾಯವೇ. ಡೆರೆಕ್ ನಿಯಮವನ್ನು ಇನ್ನಷ್ಟು ಶಾಂತವಾದ ಭಾಷೆಯಲ್ಲಿ ಬರೆದುಕೊಂಡು ತೋರಿಸಿತು. ಮೊದಲು ಎರಡು ಸಾಲಿದ್ದದ್ದು ಈಗ ಎರಡು ಪುಟವಾಗಿತ್ತು.

ಊಟದ ಹೊತ್ತು ಕಳೆಯಿತು. ಎಲ್ಲರೂ ದೊಡ್ಡ ಪರದೆಯ ಮುಂದೆ ಕೂತರು. ಹೆಲೆನ್ ನಗುತ್ತ ಬಂದು ಮುಕುಂದನಿಗೆ ತನ್ನ ಪಕ್ಕದ ಕುರ್ಚಿಯನ್ನೇ ತೋರಿಸಿದಳು. ಪೈಪ್‌ಲೈನ್ ಓಡಿತು. ಪರದೆಯ ಮೇಲೆ ಒಂದಾದ ಮೇಲೊಂದು ಸಾಲು ಮೂಡಿತು: ಜೋಡಣೆ ಹೆಚ್ಚಿದೆ. ಪರೀಕ್ಷೆ ಹೆಚ್ಚಿದೆ. ಮೂರು ಮಕ್ಕಳು ಶಾಂತವಾಗಿದ್ದಾರೆ. ಅನ್ನದ ಲೆಕ್ಕ ತುಂಬಿದೆ.

“ಅದ್ಭುತ! ಮಕ್ಕಳು ಶಾಂತವಾಗಿರೋದು ನಮ್ಮ ಮನೇಲಿ ನಾನು ನೋಡಿಯೇ ಇಲ್ಲ” ಎಂದರು ಯಾರೋ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಹಾಗಾದರೆ ಇದನ್ನು ಇವತ್ತೇ ಗಿರಾಕಿಗಳಿಗೆ ಕಳಿಸಿಬಿಡೋಣವೇ?” ಎಂದಳು ಹೆಲೆನ್.

ಮುಕುಂದನಿಗೆ ಎರಡು ದಾರಿ ಕಂಡವು. ಸುಮ್ಮನಿದ್ದರೆ ಕಾಂಟ್ರಾಕ್ಟ್ ಉಳಿದೀತು. ಆದರೆ ನಾಳೆ ಯಾವುದೋ ವಿಮಾನದಲ್ಲಿ ಯಾವುದೋ ಅಜ್ಜಿಯ ಮುಂದೆ ಅನ್ನವಿಲ್ಲದ ತಟ್ಟೆ ಬಂದು ಕೂರುತ್ತದೆ. ಆ ಅಜ್ಜಿಗೆ ಅವನ ಕಲ್ಪನೆಯಲ್ಲಿ ಅತ್ತೆಯ ಮುಖವೇ ಇತ್ತು. ಅವನು ಎದ್ದು ನಿಂತ.

“ಹೆಲೆನ್, ಕಳಿಸಬೇಡಿ. ಎಲ್ಲ ಒಡೆದುಹೋಗಿದೆ. ಹೆಚ್ಚಿದೆ ಅಂದರೆ ನಮ್ಮ ಕಡೆ ಒಡೆದಿದೆ ಅಂತ. ತುಂಬಿದೆ ಅಂದರೆ ಖಾಲಿ ಅಂತ. ಡೆರೆಕ್‌ಗೆ ಇದನ್ನು ಕಲಿಸಿದ್ದು ನಾನು. ನನಗೆ ಕಲಿಸಿದ್ದು ನನ್ನ ಹೆಂಡತಿಯ ತಾಯಿ.”

ಚಪ್ಪಾಳೆಗೆ ಎತ್ತಿದ್ದ ಕೈಯೊಂದು ಹಾಗೇ ತಲೆ ಕೆರೆದುಕೊಂಡಿತು.

“ಹಾಗಾದರೆ ಲಿಫ್ಟ್?” ಎಂದ ಒಬ್ಬ.

“ಒಂದೇ ಇರೋದು. ಅದೂ ಕೆಟ್ಟಿದೆ.”

ಹೆಲೆನ್ ಪೆನ್ನಿನ ಮುಚ್ಚಳ ಹಾಕಿ, “ವೆರಿ ಇಂಟರೆಸ್ಟಿಂಗ್, ಮುಕುಂದ” ಎಂದಳು. ಆಮೇಲೆ ಎದ್ದು ಹೊರಗೆ ಹೋದಳು.

ಲಂಡನ್ನಿಗೆ ಬಂದ ಹೊಸದರಲ್ಲಿ ಮುಕುಂದ ‘ಇಂಟರೆಸ್ಟಿಂಗ್’ ಎಂದರೆ ಸ್ವಾರಸ್ಯ ಎಂದೇ ತಿಳಿದಿದ್ದ. ವರ್ಷಗಳ ಮೇಲೆ ಅರ್ಥವಾಗಿತ್ತು: ಇಲ್ಲಿಯವರೂ ಕೆಟ್ಟದ್ದನ್ನು ಬಾಯಿಬಿಟ್ಟು ಹೇಳುವ ಜನವಲ್ಲ. ‘ನಾಟ್ ಬ್ಯಾಡ್’ ಎಂದರೆ ಬಹಳ ಚೆನ್ನಾಗಿದೆ. ‘ವೆರಿ ಇಂಟರೆಸ್ಟಿಂಗ್’ ಎಂದರೆ ಗಂಟುಮೂಟೆ ಕಟ್ಟು.

ಸ್ವಲ್ಪ ಹೊತ್ತಿಗೆ ಅವನ ಫೋನಿಗೆ ಸಂದೇಶ ಬಂತು. ‘ಮುಕುಂದ, ಇವತ್ತಿನಿಂದ ನಿಮ್ಮ ಕೆಲಸ ಹೆಚ್ಚಿದೆ. ಹೆಲೆನ್.’

ಶಮಂತ್ ಹೆಗಲ ಮೇಲಿಂದ ಬಗ್ಗಿ ಓದಿ, “ಕಂಗ್ರಾಟ್ಸ್ ಅಣ್ಣ!” ಎಂದು ಬೆನ್ನು ತಟ್ಟಲು ಕೈಯೆತ್ತಿದ. ಮುಕುಂದನ ಮುಖ ನೋಡಿ ಕೈ ಇಳಿಸಿದ. “ಓ... ಆ ಹೆಚ್ಚಾ?”

“ಆಫೀಸಿನ ಎಲ್ಲ ಪ್ರಕಟಣೆ ಡೆರೆಕ್ ಕೈಯಿಂದಲೇ ತಾನೇ ಹೋಗೋದು.”

“ಛೆ. ಕೆಲಸ ಹೋಯ್ತು ಅಂತ ಎಷ್ಟು ಮರ್ಯಾದೆಯಾಗಿ ಹೇಳಿದೆ ನೋಡಿ” ಎಂದ ಶಮಂತ್. ಆಮೇಲೆ ಉಳಿದಿದ್ದ ಒಂದು ದೋಸೆಯನ್ನು ತಾನು ತಿನ್ನದೆ ಮುಕುಂದನ ಮುಂದೆ ಸರಿಸಿದ.

ಮುಕುಂದ ಕಿಟಕಿಯ ಬಳಿ ನಿಂತು ಮನೆಗೆ ಫೋನ್ ಮಾಡಿದ. ಇಂಚರಾ ಡ್ಯೂಟಿಯಲ್ಲಿರುವಾಗ ಫೋನ್ ಎತ್ತುವುದಿಲ್ಲ, ಅತ್ತೆಯೇ ಎತ್ತಿದರು. ಸ್ಪೀಕರ್ ಒತ್ತಿಯೇ ಮಾತಾಡುವುದು ಅವರ ರೂಢಿ.

“ಅತ್ತೆ,” ಎಂದ. ಹೋಯಿತು ಎನ್ನಲು ಬಾಯಿ ಬರಲಿಲ್ಲ. “ನನ್ನ ಕೆಲಸ ಹೆಚ್ಚಿತು.”

ಹಿಂದಿನಿಂದ ಗುಲಾಬಿಯ ದನಿ ಚಿಮ್ಮಿತು. “ಹೋ! ನಾ ಹೇಳ್ಲಿಲ್ವಾ ಅಮ್ಮ? ಹೊಟ್ಟೆಗೆ ದೋಸೆ ಬಿದ್ದ ಕೂಡ್ಲೆ ಡೆರೆಕ್ ಸರಿ ಆದ! ನಾನ್ ಪಾಯ್ಸ ಮಾಡ್ತೆ. ಇಡೀ ರಸ್ತೆಗೆ ಹೇಳ್ತೆ!”

ಕೃಷ್ಣವೇಣಮ್ಮ ಮಾತ್ರ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಹಿಡಿದರು. ಆಮೇಲೆ ಮೆತ್ತಗೆ ಅಂದರು: “ತಿಳೀತು. ಚಿಂತೀ ಮಾಡಬ್ಯಾಡ್ರಿ. ಇಂಚರಾಗ ನಾನ ಹೇಳ್ತೀನಿ. ನೀವು ಊಟಕ್ಕ ಮನೀಗೆ ಬರ್ರಿ, ಬದನೀಕಾಯಿ ಎಣ್ಣಿಗಾಯಿ ಮಾಡೀನಿ.” ಗುಲಾಬಿಯ ಕಡೆ ತಿರುಗಿ, “ಪಾಯಸ ಮಾಡವಾ ನೀನು. ಸಿಹಿ ಇರಲಿ ಮನ್ಯಾಗ” ಎಂದದ್ದೂ ಅವನಿಗೆ ಕೇಳಿಸಿತು.

ಮುಕುಂದ ತನ್ನ ಸಾಮಾನು ಕಟ್ಟಿದ. ಇದ್ದದ್ದು ಒಂದು ಮಗ್, ಒಂದು ಶಾಲು, ಕಿಟಕಿಯ ಪಕ್ಕದ ಒಂದು ಗಿಡ. ಕೊನೆಗೆ ಎಲ್ಲರಿಗೂ ಒಂದು ವಿದಾಯದ ಸಂದೇಶ ಬರೆಯಲು ಕೂತ. ‘ನಾನು ಹೋಗುತ್ತಿದ್ದೇನೆ’ ಎಂದು ಬರೆದು ಅಳಿಸಿದ. ಪುನಃ ಬರೆದು ಪುನಃ ಅಳಿಸಿದ. ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎಂದು ಅವನ ಮನೆಯಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಪದಕ್ಕೆ ಪದ ಇಟ್ಟು ಬರೆದದ್ದು ಇಷ್ಟು: ‘ಸ್ನೇಹಿತರೇ, ನಿಮ್ಮೆಲ್ಲರ ಒಳ್ಳೆಯತನವನ್ನು ಮರೆಯುವುದಿಲ್ಲ. ಹೋಗಿ ಬರುತ್ತೇನೆ.’

ಕಳಿಸಿ, ಕಣ್ಣೊರೆಸಿಕೊಂಡು, ಗಿಡವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ರಸ್ತೆಗೆ ಬರುವಷ್ಟರಲ್ಲಿ ಹೆಲೆನ್‌ಳ ಉತ್ತರ ಬಂತು.

‘ಸರಿ. ಬರುವಾಗ ಹಾಲು ತನ್ನಿ. ಹಸಿರು ಮುಚ್ಚಳದ್ದು.’

ಅದರ ಹಿಂದೆಯೇ ಇನ್ಯಾರದೋ: ‘ನನಗೊಂದು ಚೀಸ್ ಸ್ಯಾಂಡ್‌ವಿಚ್.’

ಮುಕುಂದ ಫುಟ್‌ಪಾತ್ ಮೇಲೆ ಹಾಗೇ ನಿಂತ. ಕೆಲಸದಿಂದ ತೆಗೆದ ಮೇಲೂ ಹಾಲು ತರಿಸುತ್ತಾರಲ್ಲ, ಇದೆಂಥ ಎದೆ ಇವರದು ಎಂದುಕೊಂಡ. ಕೋಪವೂ ಬಂತು. ಆದರೆ ಅಷ್ಟೂ ಜನ ಹಾಲಿಲ್ಲದ ಚಹಾ ಹಿಡಿದು ಕೂತ ಚಿತ್ರ ಕಣ್ಣಿಗೆ ಬಂದು ಕೋಪ ಕರಗಿತು. ಮೂಲೆಯ ಅಂಗಡಿಗೆ ಹೋದ. ಅವನು ಚಿಲ್ಲರೆಗೆ ಜೇಬು ತಡಕುವವರೆಗೂ ಅಂಗಡಿಯವನು ಗಿಡವನ್ನು ಮಗುವಿನಂತೆ ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಹಿಂತಿರುಗಿಸುವಾಗ “ನೀರು ಹಾಕಿದ್ದೀನಿ, ಒಣಗಿತ್ತು” ಎಂದ.

ಮುಕುಂದ ಮೂರು ಮಹಡಿ ಹತ್ತಿ ಆಫೀಸಿನ ಅಡುಗೆಕೋಣೆಗೆ ಬಂದಾಗ ಹೆಲೆನ್ ಕೆಟಲ್ ಇಟ್ಟು ಕಾಯುತ್ತಿದ್ದಳು.

“ದೇವರ ದಯೆ, ಬಂದಿರಿ. ಗಿಡವ್ಯಾಕೆ?”

“ನನ್ನದು. ಮನೆಗೆ ಒಯ್ಯುತ್ತಿದ್ದೇನೆ. ಕೆಲಸ ಹೋಯಿತಲ್ಲ.”

“ಯಾರು ಹೇಳಿದರು?”

“ನೀವೇ. ನನ್ನ ಕೆಲಸ ಹೆಚ್ಚಿದೆ ಅಂತ ಸಂದೇಶ ಬಂತು.”

ಹೆಲೆನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. “ಅದು ಡೆರೆಕ್ ಬರೆದದ್ದಲ್ಲ ಮುಕುಂದ! ಮೆಟ್ಟಿಲು ಹತ್ತುತ್ತ ನನ್ನ ಫೋನಿನಲ್ಲಿ ನಾನೇ ಬರೆದದ್ದು. ನನ್ನ ಇಂಗ್ಲಿಷಿನಲ್ಲಿ ಹೆಚ್ಚಿದೆ ಅಂದರೆ ಹೆಚ್ಚಿದೆ ಅಂತಲೇ!”

“ಮತ್ತೆ ‘ವೆರಿ ಇಂಟರೆಸ್ಟಿಂಗ್’ ಅಂದದ್ದು?”

“ನಿಜವಾಗಿ ಸ್ವಾರಸ್ಯವಾಗಿತ್ತು. ನೋಡಿ, ಡೆರೆಕ್ ನೀವು ಬರೆದ ಎರಡು ಸಾಲು ಓದಿತು. ಮಧ್ಯಾಹ್ನದೊಳಗೆ ಇಡೀ ಕಟ್ಟಡ ನಿಮ್ಮ ಅತ್ತೆಯ ಹಾಗೆ ಮಾತಾಡಲು ಕಲಿತಿತು. ಇನ್ನು ಅದಕ್ಕೆ ತನ್ನ ಡಾಕ್ಯುಮೆಂಟ್ ತಾನೇ ಬರೆದುಕೊಳ್ಳೋಕೆ ಬಿಟ್ಟರೆ? ಮೇಲಿನವರಿಗೆ ಇದನ್ನೇ ಹೇಳಿದೆ. ಒಬ್ಬ ಮನುಷ್ಯ ಬೇಕೇ ಬೇಕು ಅಂತ ಒಪ್ಪಿದರು.” ಅವಳು ಮುಕುಂದನ ಮಗ್ಗನ್ನು ಅವನ ಚೀಲದಿಂದ ತಾನೇ ತೆಗೆದು ಚಹಾ ಹುಯ್ದಳು. “ಕಾಂಟ್ರಾಕ್ಟ್ ಮುಂದುವರಿದಿದೆ.”

ಮುಕುಂದ ಹೆಲೆನ್‌ಳ ಕೈ ಕುಲುಕಲು ಹೋಗಿ ಗಿಡವನ್ನು ಅವಳ ಕೈಗೆ ಕೊಟ್ಟುಬಿಟ್ಟ.

“ಧನ್ಯವಾದ, ಚೆನ್ನಾಗಿದೆ” ಎಂದು ಅವಳು ಅದನ್ನು ತನ್ನದೇ ಎಂಬಂತೆ ಕಿಟಕಿಯಲ್ಲಿ ಇಟ್ಟುಕೊಂಡಳು. “ಈಗ ಹೆಚ್ಚಿದ ಕೆಲಸ ಕೇಳಿ. ಪೈಪ್‌ಲೈನಿನ ಪ್ರತಿಯೊಂದು ಉಪಕರಣದ ವಿವರಣೆಯನ್ನೂ ಮೊದಲಿನಿಂದ ಬರೆಯಬೇಕು. ಡೆರೆಕ್ ಹೊರಡಿಸಿದ ಪ್ರಕಟಣೆಗಳನ್ನೆಲ್ಲ ತಿದ್ದಬೇಕು. ಶನಿವಾರ, ಭಾನುವಾರವೂ ಬರಬೇಕಾಗುತ್ತದೆ. ಎಷ್ಟು ವಾರ ಅಂತ ಈಗಲೇ ಹೇಳಲಾರೆ.”

“ಆಗಲಿ, ಆಗಲಿ. ವಾರಾಂತ್ಯಕ್ಕೆ ಕೊಡುವ ಭತ್ಯೆ ಇದೆಯಲ್ಲ, ಪರವಾಗಿಲ್ಲ” ಎಂದ ಮುಕುಂದ ಸಂತೋಷದಲ್ಲಿ.

“ಭತ್ಯೆಯ ವಿಷಯ ನನಗೆ ಗೊತ್ತಿಲ್ಲ. ಅಕೌಂಟ್ಸ್‌ನವರು ಈಗಷ್ಟೇ ಏನೋ ತೀರ್ಮಾನ ಮಾಡಿದ್ದಾರೆ. ಡೆರೆಕ್ ಕೈಲಿ ಹೇಳಿ ಕಳಿಸುತ್ತಾರೆ” ಎಂದು ಹೆಲೆನ್ ಚಹಾ ಹಿಡಿದು ಹೊರಟುಹೋದಳು.

ಮುಕುಂದ ಇನ್ನೂ ಮೊದಲ ಗುಟುಕು ಕುಡಿದಿರಲಿಲ್ಲ. ಫೋನು ಕಿಣಿಗುಟ್ಟಿತು.

‘ಮುಕುಂದ ಅವರಿಗೆ ನಮಸ್ಕಾರ. ಇಂದಿನಿಂದ ನಿಮ್ಮ ವಾರಾಂತ್ಯದ ಭತ್ಯೆ ಹೆಚ್ಚಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ನಿಮ್ಮವ, ಡೆರೆಕ್.’

ಅವನು ಅದನ್ನು ಓದಿದ. ಬೇರೆ ಅರ್ಥ ಹುಟ್ಟೀತೇ ಎಂದು ಕನ್ನಡಕ ಒರೆಸಿಕೊಂಡು ಓದಿದ. ಅಕೌಂಟ್ಸ್‌ಗೆ ಹೋಗಿ ಜಗಳವಾಡೋಣ ಎಂದರೆ, ಅಲ್ಲಿನ ಹಿರಿಯರು ದಾರಿಯಲ್ಲೇ ಎದುರಾಗಿ, “ಈ ವರ್ಷ ಯಾರಿಗೂ ಇಲ್ಲ, ಏನು ಮಾಡೋದು. ಡೆರೆಕ್ ನಯವಾಗಿ ಹೇಳಿತು ತಾನೇ?” ಎಂದು ಬೆನ್ನು ಸವರಿದರು.

ಅಷ್ಟರಲ್ಲಿ ಮನೆಯಿಂದ ಫೋನ್. ಗುಲಾಬಿ. ಹಿಂದೆ ಪಾತ್ರೆಗಳ ಸದ್ದು, ಯಾರ್ಯಾರದೋ ಮಾತು, ನಗು. ರಸ್ತೆಯ ಅರ್ಧ ಜನ ಆಗಲೇ ಬಂದ ಹಾಗಿತ್ತು.

“ಪಾಯ್ಸ ಆಯ್ತ್ ಮಾರಾಯ್ರೆ! ಎಲ್ರೂ ಕೇಳ್ತಿದ್ರ್, ಕೆಲ್ಸ ನಿಜ್ವಾಗಿ ಹೆಚ್ಚಿತಾ?”

“ಹೆಚ್ಚಿತು ಗುಲಾಬಿ.”

“ದುಡ್ಡು?”

ಮುಕುಂದ ಸುಳ್ಳು ಹೇಳುವವನಲ್ಲ. “ಅದೂ ಹೆಚ್ಚಿತು.”

ಆ ಕಡೆ ಹೋ ಎಂದು ಕೂಗೆದ್ದಿತು. ಯಾರೋ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಫೋನು ಕೈ ಬದಲಾಯಿತು. ಬಾಗಿಲು ಮುಚ್ಚಿದ ಸದ್ದಾಗಿ ಎಲ್ಲ ನಿಶ್ಶಬ್ದವಾಯಿತು. ಅತ್ತೆ ದೇವರ ಬೀರುವಿನ ಬಳಿ ಬಂದಿರಬೇಕು.

“ಮುಕುಂದರಾಯ್ರ,” ಎಂದರು ದನಿ ತಗ್ಗಿಸಿ, “ಯಾವ ಹೆಚ್ಚು?”

“ಕೆಲಸ ಅವರ ಹೆಚ್ಚು ಅತ್ತೆ,” ಎಂದ ಮುಕುಂದ. “ದುಡ್ಡು ನಮ್ಮ ಹೆಚ್ಚು.”